ಹಲವು ಕನ್ನಡಗಳ ಒಬ್ಬ ನಟ

(ಹೊಸಕೆರೆಹಳ್ಳಿಯ ಓದುಗರ ಬಳಗವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪತ್ರಿಕಾ ಕಚೇರಿಗಳಲ್ಲಿ ಕೆಲವು ಮಾತುಗಳು ಅಚ್ಚಿನ ಮೊಳೆಯ ಹಾಗೆ ಸದಾ ಸಿದ್ಧವಾಗಿರುತ್ತವೆ. ಕಲಾವಿದರೊಬ್ಬರು ತೀರಿಕೊಂಡ ಸುದ್ದಿ ಬಂದ ಕೂಡಲೇ 'ಬಹುಮುಖ ಪ್ರತಿಭೆ' ಎಂಬ ಮಾತು ತಾನಾಗಿ ಬಂದು ಕೂರುತ್ತದೆ. 2014ರ ಫೆಬ್ರವರಿ 28ರಂದು ಸಿ.ಆರ್. ಸಿಂಹ ಕ್ಯಾನ್ಸರಿನಿಂದ ನಿಧನರಾದಾಗಲೂ ಅವರಿಗೆ ಈ ಬಿರುದನ್ನು ಕೊಡದೆ ಇರಲು ಆಗುತ್ತಿರಲಿಲ್ಲ. ಅವರು ನಟ, ನಿರ್ದೇಶಕ, ನಾಟಕಕಾರ, ಅಂಕಣಕಾರ, ಎಲ್ಲವೂ ಆಗಿದ್ದರು. ಸುಮಾರು 150 ಚಲನಚಿತ್ರಗಳಲ್ಲಿ ಅಭಿನಯಿಸಿದ್ದರು, ಐದಾರನ್ನು ನಿರ್ದೇಶಿಸಿದ್ದರು. ರಾಜ್ಯೋತ್ಸವ ಪ್ರಶಸ್ತಿ, ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿದ್ದವು. ಪಟ್ಟಿ ಮಾಡುತ್ತ ಹೋದರೆ ಬಹುಮುಖ ಎಂಬುದು ಸುಳ್ಳೇನಲ್ಲ.

ಆದರೆ ಆ ಮಾತು ಏನನ್ನೂ ಹೇಳುವುದಿಲ್ಲ. ಹತ್ತು ಕೆಲಸ ಮಾಡಿದವರೆಲ್ಲ ಬಹುಮುಖರೇ. ಸಿಂಹ ಅವರ ವಿಷಯದಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅವರ ಅಷ್ಟೂ ಮುಖಗಳ ಹಿಂದೆ ಇದ್ದ ಒಂದೇ ಕಸುಬು ಯಾವುದು? ಆ ಕಸುಬಿನಲ್ಲಿ ನಮಗೆ ಉಳಿದಿರುವುದೆಷ್ಟು, ಕಳೆದುಹೋದದ್ದೆಷ್ಟು? ನಾನು ರಂಗಭೂಮಿಯವನಲ್ಲ, ವರದಿಗಾರ. ಅವರು ತುಘಲಕನಾಗಿ ರಂಗದ ಮೇಲೆ ನಿಂತಿದ್ದ ಕಾಲಕ್ಕೆ ನಾನು ಹುಟ್ಟಿಯೇ ಇರಲಿಲ್ಲ. ಇಲ್ಲಿರುವ ಹಿರಿಯರಲ್ಲಿ ಕೆಲವರು ಅದನ್ನು ಕಂಡಿರಬಹುದು. ನಿಮ್ಮೆದುರು ಅದರ ಬಗ್ಗೆ ಮಾತನಾಡುವುದು ಒಂದಿಷ್ಟು ಧಾರ್ಷ್ಟ್ಯವೇ ಸರಿ. ಆದರೆ ನೋಡದವನ ಪ್ರಶ್ನೆಗಳಿಗೂ ಒಂದು ಬೆಲೆ ಇದೆ ಎಂದುಕೊಂಡು ಮುಂದುವರಿಯುತ್ತೇನೆ.

ಚನ್ನಪಟ್ಟಣ ರಾಮಸ್ವಾಮಿ ಸಿಂಹ ಹುಟ್ಟಿದ್ದು 1942ರ ಜೂನ್ 16ರಂದು. ನಮ್ಮ 'ಪ್ರಣಯರಾಜ' ಶ್ರೀನಾಥ್ ಅವರ ಅಣ್ಣ. ಅಣ್ಣತಮ್ಮಂದಿರಿಬ್ಬರೂ ನಾಟಕದಿಂದಲೇ ಬಂದವರು. ತಮ್ಮ 1975ರ 'ಶುಭಮಂಗಳ'ದ ಹೊತ್ತಿಗೆ ನಾಡಿನ ಮನೆಮಾತಾದ ನಾಯಕ. ಅಣ್ಣ ಮಾತ್ರ ಸಿನಿಮಾಕ್ಕೆ ಹೋದರೂ ಮತ್ತೆಮತ್ತೆ ರಂಗಕ್ಕೆ ಮರಳಿದವರು.

ಸಿಂಹ ಅವರ ಮೊದಲ ಶಾಲೆ ಬೆಂಗಳೂರಿನ ಪ್ರಭಾತ್ ಕಲಾವಿದರು. ಈ ತಂಡದ 'ಕಿಂದರಿಜೋಗಿ' ನೃತ್ಯರೂಪಕದ ಹೆಸರು ಕೇಳದವರು ನಮ್ಮ ಬಸವನಗುಡಿ, ಹನುಮಂತನಗರದ ಕಡೆ ಕಡಿಮೆ. ಕುವೆಂಪು ಅವರ ಪದ್ಯ ಅದು. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆ ಕಾಲದ ರಂಗಭೂಮಿಯ ಚಿತ್ರ ಕಣ್ಣಮುಂದೆ ಇಲ್ಲದಿದ್ದರೆ ಸಿಂಹ ಅರ್ಥವಾಗುವುದು ಕಷ್ಟ. ಒಂದು ಕಡೆ ಕಂಪನಿ ನಾಟಕ. ಗುಬ್ಬಿ ಕಂಪನಿಯಂಥ ಸಂಸ್ಥೆಗಳಲ್ಲಿ ನಟನಿಗೆ ಸಂಬಳ, ಊಟ, ದಿನವೂ ಬಣ್ಣ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮೊದಲಾದವರೆಲ್ಲ ಈ ಗರಡಿಯವರು. ಅಲ್ಲಿ ಪೌರಾಣಿಕ ಮಾತಿನ ಒಂದು ಗತ್ತು ಸಿದ್ಧವಾಗಿತ್ತು. ನಟ ಅದರೊಳಕ್ಕೆ ಸೇರಿಕೊಳ್ಳುತ್ತಿದ್ದ. ಇನ್ನೊಂದು ಕಡೆ ಹವ್ಯಾಸಿ ರಂಗಭೂಮಿ. ಹಗಲು ಕಚೇರಿ, ಬ್ಯಾಂಕು, ಕಾಲೇಜು. ಸಂಜೆ ಯಾರದೋ ಮಹಡಿಯ ಮೇಲೆ ತಾಲೀಮು. ತಿಂಗಳುಗಟ್ಟಲೆ ದುಡಿದರೆ ಎರಡು ಮೂರು ಪ್ರದರ್ಶನ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆದ ಮೇಲೆ ಈ ಹವ್ಯಾಸಿಗಳಿಗೆ ಒಂದು ದೊಡ್ಡ ಮನೆ ಸಿಕ್ಕಿತು. ಅದೇ ವೇಳೆಗೆ ಹೊಸ ನಾಟಕಗಳೂ ಬಂದವು. ಕಾರ್ನಾಡ್, ಲಂಕೇಶ್, ಕಂಬಾರ ಬರೆದ ಮಾತುಗಳನ್ನು ಕಂಪನಿಯ ಗತ್ತಿನಲ್ಲಿ ಆಡಲು ಸಾಧ್ಯವೇ ಇರಲಿಲ್ಲ. ಒಂದೊಂದು ನಾಟಕಕ್ಕೂ ಒಂದೊಂದು ಕನ್ನಡ ಬೇಕಾಯಿತು.

ಸಿಂಹ ಅವರ ಕಸುಬು ಇದೇ ಎಂದು ನನಗೆ ತೋರುತ್ತದೆ. ಅವರು ಹಲವು ಕನ್ನಡಗಳನ್ನು ಆಡಬಲ್ಲ ನಟ. ವೇಷ ಬದಲಿಸುವ ನಟರು ಬೇಕಾದಷ್ಟು ಜನ ಇದ್ದಾರೆ. ನಾಲಿಗೆಯನ್ನೇ ಬದಲಿಸಬಲ್ಲವರು ಅಪರೂಪ. ಅದಕ್ಕೆ ಇಂಗ್ಲಿಷ್ ನಾಟಕದ ಅಭ್ಯಾಸವೂ ನೆರವಾಗಿರಬೇಕು. ಮೋಲಿಯೇರ್, ಷೇಕ್ಸ್‌ಪಿಯರ್, ನೀಲ್ ಸೈಮನ್, ಎಡ್ವರ್ಡ್ ಆಲ್ಬಿ ಇವರ ನಾಟಕಗಳನ್ನು ಅವರು ಇಂಗ್ಲಿಷಿನಲ್ಲಿ ಆಡಿದರು, ಆಡಿಸಿದರು. ಬೇರೆ ಭಾಷೆಯಲ್ಲಿ ನಟಿಸಿದವನಿಗೆ ತನ್ನ ಭಾಷೆಯ ಲಯ ಹೊರಗಿನಿಂದ ಕೇಳಿಸತೊಡಗುತ್ತದೆ. ಎಲ್ಲಿ ಉಸಿರು ನಿಲ್ಲಬೇಕು, ಯಾವ ಪದದ ಮೇಲೆ ಭಾರ ಬೀಳಬೇಕು ಎಂಬುದು ಅಭ್ಯಾಸಬಲದ ಸಂಗತಿಯಾಗಿ ಉಳಿಯುವುದಿಲ್ಲ, ಆಯ್ಕೆಯ ಸಂಗತಿಯಾಗುತ್ತದೆ.

1972ರಲ್ಲಿ ಸಿಂಹ, ಲೋಕೇಶ್, ಕಪ್ಪಣ್ಣ ಮೊದಲಾದ ಗೆಳೆಯರು ಸೇರಿ 'ನಟರಂಗ' ಕಟ್ಟಿದರು. ಈ ಹೆಸರುಗಳಲ್ಲಿ ಲೋಕೇಶ್ ಅವರದು ಗಮನಿಸಬೇಕಾದ ಸಂಗತಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ (1934) ನಾಯಕ ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಮಗ ಅವರು. ಕಂಪನಿಯ ಮನೆತನದ ಹುಡುಗ ಹವ್ಯಾಸಿಗಳ ಜೊತೆ ಸೇರಿದ. ಎರಡು ರಂಗಭೂಮಿಗಳ ನಡುವೆ ಗೋಡೆ ಇತ್ತು ಎನ್ನುವವರು ನಟರಂಗವನ್ನು ನೋಡಬೇಕು.

ನಟರಂಗಕ್ಕಾಗಿ ಸಿಂಹ ನಿರ್ದೇಶಿಸಿದ ಮಾಸ್ತಿಯವರ 'ಕಾಕನಕೋಟೆ' ದೊಡ್ಡ ಯಶಸ್ಸು ಕಂಡಿತು. ಮಾಸ್ತಿ ಆಗ ಎಂಬತ್ತು ದಾಟಿದ್ದರು. ಅವರ ಮನೆ ಇಲ್ಲಿಗೆ ಹತ್ತಿರದ ಗವಿಪುರದಲ್ಲಿ. ದಶಕಗಳ ಹಿಂದೆ ಬರೆದ, ಓದುವ ನಾಟಕ ಎಂದೇ ಹಲವರು ಭಾವಿಸಿದ್ದ ಕೃತಿ ಹೊಸ ಹುಡುಗರ ಕೈಯಲ್ಲಿ ಎದ್ದು ಕುಣಿಯಿತು. ಕಾಡುಕುರುಬರ ಕಾಚನಾಗಿ ಲೋಕೇಶ್, ಹಾಡುಗಳಿಗೆ ಸಿ. ಅಶ್ವಥ್ ಸಂಗೀತ. ಕಾಡಿನವರ ಮಾತು, ಅರಮನೆಯ ಮಾತು ಎರಡೂ ಆ ನಾಟಕದಲ್ಲಿ ಎದುರುಬದುರು ನಿಲ್ಲುತ್ತವೆ. ಅದನ್ನು ಕಿವಿಯಿಂದ ಕಟ್ಟಬಲ್ಲ ನಿರ್ದೇಶಕ ಬೇಕಿತ್ತು. ಇಲ್ಲೊಂದು ಮಾತು ಸೇರಿಸುತ್ತೇನೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ. ನಿಜವಾದ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮುಂದೆ ಖೆಡ್ಡಾದ ಆ ನೆಲ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬೆಂಗಳೂರಿನ ರಂಗದ ಮೇಲೆ ಕಾಡುಕುರುಬರು ಕುಣಿಯುತ್ತಿದ್ದ ವರ್ಷಗಳಲ್ಲೇ ಅವರ ಕಾಡಿಗೆ ನೀರು ನುಗ್ಗುತ್ತಿತ್ತು. ಆಗಿನ ಪ್ರೇಕ್ಷಕರಲ್ಲಿ ಎಷ್ಟು ಮಂದಿಗೆ ಇದು ಹೊಳೆದಿತ್ತೋ ಏನೋ.

ಇನ್ನು 'ತುಘಲಕ್'. ಕಾರ್ನಾಡರು ಇದನ್ನು ಬರೆದದ್ದು 1964ರಲ್ಲಿ, ಅವರಿಗಿನ್ನೂ 26. ಸಿಂಹ ಇದರಲ್ಲಿ ತುಘಲಕ್ ಆಗಿ ಅಭಿನಯಿಸಿದರು, ನಟರಂಗಕ್ಕೆ ನಿರ್ದೇಶಿಸಿದರು ಕೂಡ. ಅವರ ಹೆಸರು ಆ ಪಾತ್ರಕ್ಕೆ ಎಷ್ಟು ಅಂಟಿಕೊಂಡಿತೆಂದರೆ, ಇಂದಿಗೂ ಹಿರಿಯ ಪ್ರೇಕ್ಷಕರನ್ನು ಕೇಳಿದರೆ ಮೊದಲು ಬರುವುದು ಅದೇ.

ಆ ಪಾತ್ರದ ಕಷ್ಟವೇನು ನೋಡಿ. ಸುಲ್ತಾನ ಮೊದಲ ದೃಶ್ಯದಲ್ಲಿ ಪ್ರಜೆಗಳೆದುರು ನಿಂತು ನ್ಯಾಯದ ಮಾತಾಡುತ್ತಾನೆ. ತನ್ನ ವಿರುದ್ಧವೇ ಬ್ರಾಹ್ಮಣನೊಬ್ಬ ದಾವೆ ಗೆದ್ದದ್ದನ್ನು ಒಪ್ಪಿಕೊಳ್ಳುತ್ತಾನೆ. ಕನಸುಗಾರನ ಮಾತು ಅದು. ಪ್ರೇಕ್ಷಕರು ಅವನನ್ನು ನಂಬಬೇಕು. ನಂಬದಿದ್ದರೆ ನಾಟಕವೇ ಇಲ್ಲ. ಆದರೆ ಆ ಬ್ರಾಹ್ಮಣ ನಿಜಕ್ಕೂ ಅಗಸ ಅಜೀಜ್, ಸುಲ್ತಾನನ ಆದರ್ಶವನ್ನೇ ಬಂಡವಾಳ ಮಾಡಿಕೊಂಡ ಠಕ್ಕ. ಮುಂದೆ ದೆಹಲಿಯಿಂದ ದೌಲತಾಬಾದಿಗೆ ರಾಜಧಾನಿ ಹೋಗುತ್ತದೆ. ತಾಮ್ರದ ನಾಣ್ಯ ಬರುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲೇ ಕೊಲೆ ನಡೆಯುತ್ತದೆ. ಸುಲ್ತಾನ ತನ್ನ ಗುಲಾಬಿ ತೋಟದಲ್ಲಿ ಖೋಟಾ ನಾಣ್ಯಗಳ ರಾಶಿ ಹಾಕಿಸುತ್ತಾನೆ. ಕೊನೆಗೆ ಸಿಂಹಾಸನದ ಮೇಲೆ ನಿದ್ದೆ ಹೋದವನು ಪ್ರಾರ್ಥನೆಯ ಕರೆಗೆ ಎಚ್ಚೆತ್ತು, ತಾನೆಲ್ಲಿದ್ದೇನೆಂದೇ ತಿಳಿಯದವನಂತೆ ನೋಡುತ್ತಾನೆ. ಇಷ್ಟು ದೂರವನ್ನು ನಟ ಕ್ರಮಿಸುವುದು ಮುಖ್ಯವಾಗಿ ಮಾತಿನಲ್ಲಿ. ಅದೇ ಬುದ್ಧಿವಂತ, ತಿಳಿಯಾದ ಕನ್ನಡ. ಮೊದಲು ಅದರಲ್ಲಿ ಬೆಳಕಿರುತ್ತದೆ, ಆಮೇಲೆ ಅದೇ ಚೂರಿಯಾಗುತ್ತದೆ, ಕೊನೆಗೆ ಚೂರುಚೂರಾಗುತ್ತದೆ. ಪದಗಳು ಹೆಚ್ಚು ಬದಲಾಗುವುದಿಲ್ಲ, ಅವುಗಳ ಹಿಂದಿನ ಮನುಷ್ಯ ಬದಲಾಗುತ್ತಾನೆ.

ಸಿಂಹ ಅವರಿಗೆ ದೇವರು ಕೊಟ್ಟ ಕಂಠ ಇತ್ತು. ಆಳವಾದ, ಮೈಕಿನ ಹಂಗಿಲ್ಲದ ಕಂಠ. ಇಂಥ ಕಂಠ ನಟನಿಗೆ ವರ ಹೇಗೋ ಅಪಾಯವೂ ಹಾಗೆಯೇ. ಮಾತು ಗುಡುಗಿದರೆ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ಬಿದ್ದಷ್ಟೂ ಗುಡುಗುವ ಆಸೆ. ತುಘಲಕ್ ಪಾತ್ರ ಆ ಕಂಠವನ್ನು ಅಳತೆಯಲ್ಲಿ ಇಟ್ಟಿತೆಂದು ನಾನು ಊಹಿಸುತ್ತೇನೆ. ಏಕೆಂದರೆ ಅಲ್ಲಿ ಪ್ರತಿ ಗುಡುಗಿನ ಪಕ್ಕದಲ್ಲೂ ಒಂದು ಚದುರಂಗದ ನಡೆ ಇದೆ.

ಇದೇ ನಟ ಮುಂದೆ ಕೈಲಾಸಂ ಆದರು. ಸಿಂಹ 1983ರಲ್ಲಿ 'ವೇದಿಕೆ' ಎಂಬ ತಂಡ ಕಟ್ಟಿದರು. ಟಿ.ಎನ್. ನರಸಿಂಹನ್ ಬರೆದ 'ಟಿಪಿಕಲ್ ಟಿ.ಪಿ. ಕೈಲಾಸಂ' ಏಕವ್ಯಕ್ತಿ ನಾಟಕವನ್ನು ತಾವೇ ನಿರ್ದೇಶಿಸಿ ಆಡಿದರು. ನಾಡಿನಾಚೆಗೂ ಅದನ್ನು ಹೊತ್ತು ತಿರುಗಿದರು.

ಈ ಆಯ್ಕೆಯ ಜಾಣ್ಮೆ ಏನೆಂದು ಹೇಳುತ್ತೇನೆ. ಕೈಲಾಸಂ ಸ್ವತಃ ಒಬ್ಬರೇ ಒಂದು ನಾಟಕ ಕಂಪನಿ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು, ಮನೆಮಾತು ತಮಿಳು, ಬರೆದದ್ದು ಕನ್ನಡ. ಬರೆದದ್ದು ಎನ್ನುವುದೂ ಪೂರ್ತಿ ನಿಜವಲ್ಲ. ಅವರು ನಾಟಕಗಳನ್ನು ಮನಸ್ಸಿನಲ್ಲೇ ಕಟ್ಟಿ, ಗೆಳೆಯರ ಮುಂದೆ ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತಿದ್ದರು, ಬರೆದುಕೊಳ್ಳುವವರು ಬೇರೆ. 'ಟೊಳ್ಳುಗಟ್ಟಿ', 'ಬಂಡ್ವಾಳ್ವಿಲ್ಲದ ಬಡಾಯಿ', 'ಪೋಲಿಕಿಟ್ಟಿ' ಇವೆಲ್ಲ ಮೊದಲು ಬಾಯಲ್ಲಿ ಹುಟ್ಟಿ ಆಮೇಲೆ ಕಾಗದಕ್ಕೆ ಇಳಿದವು. ಇಂಥವರನ್ನು ರಂಗದ ಮೇಲೆ ತರಲು ಹದಿನೈದು ಜನ ಏಕೆ? ಒಬ್ಬನೇ ಸಾಕು, ಒಬ್ಬನೇ ಸರಿ. ಏಕವ್ಯಕ್ತಿ ನಾಟಕ ಅಲ್ಲಿ ಉಳಿತಾಯದ ಉಪಾಯವಲ್ಲ, ವಿಷಯವೇ ಬೇಡಿದ ರೂಪ.

ಉಳಿತಾಯದ ಮಾತೂ ಇಲ್ಲದಿಲ್ಲ. ಹವ್ಯಾಸಿ ತಂಡ ನಡೆಸಿದವರಿಗೆ ಗೊತ್ತು. ಒಬ್ಬನಿಗೆ ವರ್ಗಾವಣೆ, ಒಬ್ಬಳಿಗೆ ಮದುವೆ, ಒಬ್ಬನಿಗೆ ಸಿನಿಮಾ ಸಿಕ್ಕಿತು, ನಾಟಕ ನಿಂತಿತು. ಏಕವ್ಯಕ್ತಿಗೆ ಈ ಕಾಟವಿಲ್ಲ. ಬದಲಿಗೆ ಬೇರೆ ಕಾಟ: ಮಾತು ಮರೆತರೆ ಎತ್ತಿಕೊಡುವ ಜೊತೆಗಾರನಿಲ್ಲ, ಉಸಿರು ಎಳೆದುಕೊಳ್ಳಲು ಎದುರಿನವನ ಸಂಭಾಷಣೆಯಿಲ್ಲ. ಪ್ರೇಕ್ಷಕ ಬೇಸತ್ತರೆ ನೋಡಲು ಇನ್ನೊಂದು ಮುಖವೂ ಇಲ್ಲ.

ಕೈಲಾಸಂ ಕನ್ನಡ ಗೊತ್ತಲ್ಲ, ಅದು ನಮ್ಮ ಬೆಂಗಳೂರಿನ ಮಧ್ಯಮವರ್ಗದ ಮನೆಯ ಕನ್ನಡ. ಅರ್ಧ ಇಂಗ್ಲಿಷು, ಪದಗಳ ಬಾಲ ನುಂಗಿದ ಓಟ, ನಗುವಿನ ಒಳಗೆ ಕಚ್ಚುವ ಹಲ್ಲು. ಅದೇ ಕೈಲಾಸಂ ಕರ್ಣ, ಏಕಲವ್ಯರನ್ನು ಬರೆದಾಗ ಇಂಗ್ಲಿಷಿನ ಎತ್ತರದ ಶೈಲಿಗೆ ಹೋದರು. ಅಂದರೆ ಮನೆಯ ಪಾಡಿಗೆ ಒಂದು ಭಾಷೆ, ಮಹಾಭಾರತಕ್ಕೆ ಇನ್ನೊಂದು. ಎರಡನ್ನೂ ಒಂದೇ ಬಾಯಲ್ಲಿ ಆಡಬಲ್ಲ ನಟ ಬೇಕು. ಹಗಲು ಕನ್ನಡ, ರಾತ್ರಿ ಇಂಗ್ಲಿಷ್ ನಾಟಕ ಆಡಿದ ಸಿಂಹ ಅವರಿಗಿಂತ ತಕ್ಕವರು ಯಾರಿದ್ದರು? 1945ರಲ್ಲಿ ಮದ್ರಾಸಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಮರುವರ್ಷವೇ ತೀರಿಕೊಂಡ ಕೈಲಾಸಂ ಅವರನ್ನು ಕಣ್ಣಾರೆ ಕಂಡಿರದ ತಲೆಮಾರುಗಳಿಗೆ, ಅವರ ಮಾತಿನ ವರಸೆ ಕಿವಿಗೆ ಬಿದ್ದದ್ದು ಬಹುಪಾಲು ಸಿಂಹ ಅವರ ಮೂಲಕ. ಇದು ಸಣ್ಣ ಸಂಗತಿಯಲ್ಲ.

ಮುಂದೆ ಅವರೇ ಬರೆದು, ನಿರ್ದೇಶಿಸಿ, ಆಡಿದ್ದು 'ರಸಋಷಿ ಕುವೆಂಪು'. ಪ್ರಭಾತ್ ಕಲಾವಿದರ 'ಕಿಂದರಿಜೋಗಿ' ನೆನಪಿದೆಯಲ್ಲ? ಕುವೆಂಪು ಕವಿತೆಯನ್ನು ರಂಗಕ್ಕೆ ತಂದ ತಂಡದಲ್ಲಿ ಬೆಳೆದವರು ಕೊನೆಗೆ ಕುವೆಂಪು ಅವರೇ ಆಗಿ ನಿಂತರು.

ಕೈಲಾಸಂ ಮುಗಿಸಿ ಕುವೆಂಪು ಮಾಡುವುದೆಂದರೆ ಗಾಂಧಿ ಬಜಾರಿನಿಂದ ಹೊರಟು ಕವಿಶೈಲದ ತುದಿಗೆ ಹೋದ ಹಾಗೆ. ಕೈಲಾಸಂ ಹರಟೆಮಲ್ಲ, ಕುವೆಂಪು ಮೌನಿ. ಅವರು ಬೆರಕೆ ಮಾತಿನವರು. ಇವರದು ಮಲೆನಾಡಿನ ಆಡುನುಡಿಯಿಂದ ಹಳಗನ್ನಡದ ಮಹಾಛಂದಸ್ಸಿನವರೆಗೆ ಹಬ್ಬಿದ ಕನ್ನಡ. ಒಂದು ಸಾಮ್ಯವಿದೆ. ಕುವೆಂಪು ಕೂಡ ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆದವರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಪ್ರಸಂಗ ಪ್ರಸಿದ್ಧ. ಇನ್ನೊಂದು ಸಾಮ್ಯ ನನಗೆ ಹೆಚ್ಚು ರುಚಿಸುತ್ತದೆ. ಇಬ್ಬರೂ ಏಕಲವ್ಯನ ಕಥೆಯನ್ನು ನಾಟಕವಾಗಿಸಿದ್ದಾರೆ. ಕೈಲಾಸಂ ಅವರದು ಇಂಗ್ಲಿಷಿನ 'ಪರ್ಪಸ್', ಕುವೆಂಪು ಅವರದು 'ಬೆರಳ್‌ಗೆ ಕೊರಳ್'. ಹೆಬ್ಬೆರಳು ಕಳೆದುಕೊಂಡ ಒಬ್ಬನೇ ಬೇಡನಿಗೆ ಎರಡು ಎತ್ತರದ ಭಾಷೆಗಳು. ಆ ಇಬ್ಬರು ಲೇಖಕರನ್ನೂ ಮೈಮೇಲೆ ತಂದುಕೊಂಡ ನಟ ಒಬ್ಬನೇ.

ಇಲ್ಲಿ ನನ್ನದೊಂದು ತಕರಾರು ಇದೆ, ಹೇಳಿಬಿಡುತ್ತೇನೆ. ದೊಡ್ಡವರ ಬದುಕನ್ನು ಒಬ್ಬರೇ ಆಡುವ ನಾಟಕ ಸುಲಭವಾಗಿ ಪೂಜೆಯಾಗುತ್ತದೆ. ಕೈಲಾಸಂ ವಿಷಯದಲ್ಲಿ ಆ ಭಯ ಕಡಿಮೆ. ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ಮನುಷ್ಯನಿಗೆ ಮಂಗಳಾರತಿ ಎತ್ತುವುದು ಹೇಗೆ? 'ರಸಋಷಿ' ಎಂಬ ಹೆಸರಿನಲ್ಲೇ ಧೂಪದ ವಾಸನೆಯಿದೆ. ಋಷಿಯನ್ನು ಆಡುವ ನಟನಿಗೆ ಮನುಷ್ಯನನ್ನು ಆಡುವ ಸ್ವಾತಂತ್ರ್ಯ ಎಷ್ಟು ಸಿಗುತ್ತದೆ? ಕುವೆಂಪು ಅವರ ಸಿಟ್ಟು, ಅವರ ಹಟ, ಪುರೋಹಿತಶಾಹಿಯನ್ನು ಕಂಡರೆ ಉರಿದೇಳುವ ಅವರ ಗುಣ ಇವೆಲ್ಲ ಋಷಿಯ ಜಟೆಯಲ್ಲಿ ಮುಚ್ಚಿಹೋಗಬಾರದು. ನಾಟಕದಲ್ಲಿ ಹಾಗಾಗಿದೆಯೇ ಎಂಬುದರ ಬಗ್ಗೆ ನೋಡಿದವರಲ್ಲಿ ಬೇರೆಬೇರೆ ಅಭಿಪ್ರಾಯ ಇರಬಹುದು. ಆದರೆ ಕೈಲಾಸಂ ಕನ್ನಡ ಆಡಿದ ಅದೇ ನಾಲಿಗೆ ಕುವೆಂಪು ಕನ್ನಡವನ್ನೂ ಆಡಿತು ಎಂಬ ಸಂಗತಿಯ ಬೆರಗು ಅದರಿಂದ ಕಡಿಮೆಯಾಗುವುದಿಲ್ಲ.

ಸಿನಿಮಾಕ್ಕೆ ಬರೋಣ. 1970ರ 'ಸಂಸ್ಕಾರ'ದ ಅಗ್ರಹಾರದಲ್ಲಿ ಸಿಂಹ ಇದ್ದಾರೆ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿ, ಕಾರ್ನಾಡ್, ಲಂಕೇಶ್ ಅಭಿನಯಿಸಿ, ಮೊದಲು ನಿಷೇಧಕ್ಕೆ ಗುರಿಯಾಗಿ, ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಪದಕ ತಂದ ಚಿತ್ರ. ಲಂಕೇಶರ 'ಅನುರೂಪ', ಎಂ.ಎಸ್. ಸತ್ಯು ಅವರ ರಾಜಕೀಯ ವಿಡಂಬನೆ 'ಚಿತೆಗೂ ಚಿಂತೆ', ಅದೇ ಸತ್ಯು ಅವರ 'ಬರ', ಇವು ಹೊಸ ಅಲೆಯ ಸಾಲು. ಇನ್ನೊಂದು ಕಡೆ 'ನೀ ತಂದ ಕಾಣಿಕೆ'ಯಂಥ ಜನಪ್ರಿಯ ಚಿತ್ರಗಳ ಉದ್ದನೆಯ ಸಾಲು. ನಿರ್ದೇಶಕರಾಗಿ ಅವರ ಮೊದಲ ಚಿತ್ರ 'ಕಾಕನಕೋಟೆ'ಯೇ. ಅಲ್ಲೂ ಲೋಕೇಶ್, ಅಲ್ಲೂ ಅಶ್ವಥ್. ಆಮೇಲೆ 'ಶಿಕಾರಿ', 'ಸಿಂಹಾಸನ', 'ಅಶ್ವಮೇಧ', 'ಅಂಗೈಯಲ್ಲಿ ಅಪ್ಸರೆ'. ನಿರ್ದೇಶಕ ಸಿಂಹ ತೆರೆಯ ಮೇಲೆ ಏರಿದ ಎತ್ತರ ರಂಗದ ಮೇಲೆ ಏರಿದ್ದಕ್ಕೆ ಸಮನಲ್ಲ ಎಂದರೆ ಅವರ ಅಭಿಮಾನಿಗಳು ಬೇಸರಪಡಬಾರದು.

ಜನಪ್ರಿಯ ಸಿನಿಮಾ ಅವರನ್ನು ಬಳಸಿಕೊಂಡ ರೀತಿ ನೋಡಿ. ಅದಕ್ಕೆ ಬೇಕಾದದ್ದು ಅವರ ಕಂಠ, ನಿಲುವು, ಹುಬ್ಬು. ಆ ಕಂಠ ಬಾಗಿಲಲ್ಲಿ ಕೇಳಿಸಿದರೆ ಸಾಕು, ಮನೆಯ ಯಜಮಾನ ಬಂದ ಎಂದು ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ. ಒಂದು ಕನ್ನಡದಿಂದ ಇನ್ನೊಂದಕ್ಕೆ ದಾಟುವ ಅವರ ನಿಜವಾದ ಶಕ್ತಿಗೆ ಅಲ್ಲಿ ಕೆಲಸವಿರಲಿಲ್ಲ, ಏಕೆಂದರೆ ಆ ಚಿತ್ರಗಳಿಗೆ ಇದ್ದದ್ದು ಒಂದೇ ಕನ್ನಡ. ನಮ್ಮ ಪೋಷಕ ನಟರಲ್ಲಿ ಎಷ್ಟೋ ಜನರ ಕಥೆ ಇದೇ. ಲೋಕನಾಥ್ ಅವರನ್ನು ನೆನೆಸಿಕೊಳ್ಳಿ. ರಂಗದ ದೊಡ್ಡ ನಟ. ಜನರಿಗೆ ನೆನಪಿರುವುದು ಉಪ್ಪಿನಕಾಯಿಯಿಂದ.

ಇಲ್ಲಿ ಒಂದು ವಿಚಿತ್ರ ಅನ್ಯಾಯವಿದೆ. ಬೇಕೆಂದಾಗ ಹಾಕಿ ನೋಡಬಹುದಾದ್ದು ಅವರ ಚಿಕ್ಕ ಕೆಲಸ. ತೀರ ಸಣ್ಣ ಪಾತ್ರದ ಸಿಂಹ ಇಂದು ರಾತ್ರಿ ಯಾವುದಾದರೂ ವಾಹಿನಿಯಲ್ಲಿ ಬಂದು ಹೋಗಬಹುದು. ತುಘಲಕ್ ಆಗಿ ರಂಗದ ಮೇಲೆ ನಿಂತ ಸಿಂಹ ಇರುವುದು ಕೆಲವು ಛಾಯಾಚಿತ್ರಗಳಲ್ಲಿ, ವಿಮರ್ಶೆಯ ತುಣುಕುಗಳಲ್ಲಿ, ನೋಡಿದವರ ನೆನಪಿನಲ್ಲಿ. ನೋಡಿದವರಿಗೆ ಈಗ ಎಪ್ಪತ್ತು, ಎಂಬತ್ತು. ನಾಟಕ ಎಂಬ ಕಲೆಯ ಸ್ವಭಾವವೇ ಹಾಗೆ, ಪರದೆ ಬಿದ್ದರೆ ಮುಗಿಯಿತು ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಆ ಸಮಾಧಾನ ಒಪ್ಪಿಗೆಯಿಲ್ಲ. ಗಾಯಕರ ಕಛೇರಿಗಳನ್ನು ಆಕಾಶವಾಣಿ ಮುದ್ರಿಸಿಕೊಂಡಿತು, ಇಂದಿಗೂ ಕೇಳುತ್ತೇವೆ. ಕನ್ನಡದ ಅತಿ ದೊಡ್ಡ ಮಾತುಗಾರ ನಟರ ಮಾತನ್ನಾದರೂ ಪೂರ್ತಿಯಾಗಿ ಮುದ್ರಿಸಿಡಬೇಕು ಎಂಬ ಹಟ ನಮ್ಮ ಸಂಸ್ಥೆಗಳಿಗೆ ಇರಲಿಲ್ಲ.

ಸಿಂಹ ಅವರಿಗೆ ಈ ಅರಿವು ಇತ್ತೆಂದು ನನಗೆ ಅನಿಸುವುದು ಎರಡು ಕಾರಣಕ್ಕೆ. ಒಂದು, ಅವರು ಬರೆಯತೊಡಗಿದರು. 'ವಿಜಯ ಕರ್ನಾಟಕ'ದಲ್ಲಿ ಬಂದ ಅವರ 'ನಿಮ್ಮ ಸಿಂಹ' ಅಂಕಣ ಪುಸ್ತಕವಾಗಿಯೂ ಬಂದಿದೆ. ಇನ್ನೊಂದು, 'ರಸಋಷಿ ಕುವೆಂಪು' ರಂಗದಲ್ಲೇ ಉಳಿಯಲಿಲ್ಲ. ಮಗ ಋತ್ವಿಕ್ ಸಿಂಹ ಅದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು, ಮುಖ್ಯ ಪಾತ್ರದಲ್ಲಿ ತಂದೆಯೇ. ರಂಗದ ಸಿಂಹ ಅವರ ನೆರಳಾದರೂ ಅಲ್ಲಿ ಸಿಗುತ್ತದೆ.

ನಿಮ್ಮಲ್ಲಿ ಒಬ್ಬರು ಭಾಷಣಕ್ಕೆ ಮೊದಲು ನನ್ನನ್ನು ಕೇಳಿದರು: ಇಂದಿನ ಹುಡುಗರು ಸಿಂಹ ಅವರನ್ನು ಎಲ್ಲಿಂದ ಶುರುಮಾಡಬೇಕು? ನನ್ನ ಉತ್ತರ, ಅವರ ಸಿನಿಮಾಗಳಿಂದಲ್ಲ. ಮೊದಲು 'ಟೊಳ್ಳುಗಟ್ಟಿ'ಯ ಒಂದು ದೃಶ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಮರುದಿನ 'ಬೆರಳ್‌ಗೆ ಕೊರಳ್' ತೆಗೆದು ಅದೇ ಕಂಠದಲ್ಲಿ ಒಂದು ಪುಟ ಓದಿ. ಅದಾದ ಮೇಲೆ 'ತುಘಲಕ್'ನ ಮೊದಲ ದೃಶ್ಯ. ನಾಲಿಗೆ ಎಲ್ಲಿ ತೊಡರುತ್ತದೆ, ಉಸಿರು ಎಲ್ಲಿ ಸಾಲದಾಗುತ್ತದೆ ನೋಡಿಕೊಳ್ಳಿ. ಆಮೇಲೆ 'ಸಂಸ್ಕಾರ' ಹಾಕಿಕೊಂಡು ಅಗ್ರಹಾರದ ಆ ಗುಂಪಿನಲ್ಲಿ ಅವರನ್ನು ಹುಡುಕಿ. ಆಗಿನ್ನೂ ಅವರಿಗೆ ಇಪ್ಪತ್ತೆಂಟು, ನಟರಂಗ ಹುಟ್ಟಿರಲಿಲ್ಲ.